ಅಡಿಕೆ ಒಣಗಿಸುವ ಶೆಡ್ಡು, ಚಾವಣಿ ಸೋಲಾರ್ ಮತ್ತು ಗಟ್ಟಿಯಿಲ್ಲದ ತಾರೀಖುಗಳು

ಸಾಗರ, ಹೊಸನಗರದ ಕಡೆ ಅಡಿಕೆ ಗೊನೆ ಇಳಿಸುವ ಹೊತ್ತಿಗೆ ಮಳೆ ಹಿಂದೆ ಸರಿದಿರಬೇಕು. ಬೇಯಿಸಿ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕೊಟ್ಟ ಅಡಿಕೆ ಅಟ್ಟದ ಮೇಲೆ ಆರೇಳು ದಿನ ಒಳ್ಳೆಯ ಬಿಸಿಲು ಕಂಡರೆ ಬಣ್ಣ ಕೂಡುತ್ತದೆ. ಎರಡು ದಿನ ಮೋಡ ಕವಿದರೆ ಬೂಷ್ಟು ಹಿಡಿಯುತ್ತದೆ, ಮಂಡಿಯಲ್ಲಿ ದರ ಬೀಳುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲೂ ಮಳೆ ಬಿಡದ ವರ್ಷಗಳು ಹೆಚ್ಚಿದ ಮೇಲೆ ಕೆಲವು ಮನೆಯವರು ಸೇರಿ ಒಂದು ಒಣಗಿಸುವ ಶೆಡ್ಡು ಕಟ್ಟಿದೆವು. ಶಾಖ ಒಲೆಯಿಂದ, ಗಾಳಿ ಫ್ಯಾನಿನಿಂದ, ಫ್ಯಾನಿಗೆ ಕರೆಂಟು ಚಾವಣಿಯ ಸೋಲಾರ್‌ನಿಂದ. ಇದೇ ದಾರಿ ಹಿಡಿಯಬೇಕೆಂದಿರುವವರಿಗೆ ನಮ್ಮ ಅಳತೆ, ಲೆಕ್ಕ, ತಪ್ಪು ಎಲ್ಲವೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇವೆ. ಒಲೆ, ಫ್ಯಾನು, ಪ್ಯಾನಲ್‌ಗಳ ತೊಡಕಿಗೆಲ್ಲ ಪರಿಹಾರ ಸಿಕ್ಕಿತು. ಸರ್ಕಾರದ ನಿಯಮ ಯಾವ ತಾರೀಖಿನವರೆಗೆ ಹೀಗೇ ಇರುತ್ತದೆ ಎಂಬುದಕ್ಕೆ ಮಾತ್ರ ಕೊನೆಯವರೆಗೂ ಉತ್ತರ ಸಿಗಲಿಲ್ಲ. ಶೆಡ್ಡಿನ ಸೋಲಾರ್‌ನ ಗಾತ್ರ ನಿರ್ಧಾರವಾಗಿದ್ದು ಅದರಿಂದಲೇ.

ಮೊದಲು ಶಾಖದ ಲೆಕ್ಕ. "ಸೋಲಾರ್ ಹಾಕಿ ಹೀಟರ್ ಇಟ್ಟರೆ ಸಾಕಲ್ಲ, ಒಲೆ ಯಾಕೆ" ಎಂದು ಕೇಳದವರಿಲ್ಲ. ಸುಲಿದು ಬೇಯಿಸಿದ ಅಡಿಕೆ 10 ಕ್ವಿಂಟಲ್ ಇದೆ, ಅದರಲ್ಲಿ ಶೇ 60 ನೀರು ಎಂದಿಟ್ಟುಕೊಳ್ಳಿ. ಗಟ್ಟಿ ಪದಾರ್ಥ 400 ಕೆಜಿ. ಶೇ 10 ತೇವಕ್ಕೆ ಇಳಿದಾಗ ಒಟ್ಟು ತೂಕ 444 ಕೆಜಿ. ಅಂದರೆ 556 ಕೆಜಿ ನೀರನ್ನು ಆವಿ ಮಾಡಬೇಕು. ಒಂದು ಕೆಜಿ ನೀರು ಆವಿಯಾಗಲು ಕನಿಷ್ಠ 0.63 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಒಂದು ಕಿಲೋವ್ಯಾಟ್-ಗಂಟೆ) ಶಾಖ ಬೇಕು, ಒಟ್ಟು 350 ಯೂನಿಟ್. ಕೋಣೆಗೆ ಹೋದ ಬಿಸಿಗಾಳಿಯಲ್ಲಿ ಅರ್ಧದಷ್ಟು ಮಾತ್ರ ಈ ಕೆಲಸಕ್ಕೆ ದಕ್ಕುತ್ತದೆ, ಉಳಿದದ್ದು ಗೋಡೆ, ಬಾಗಿಲು, ಹೊರಹೋಗುವ ಗಾಳಿಯ ಪಾಲು. ಹಾಗಾಗಿ 700 ಯೂನಿಟ್. ಚಾವಣಿಯ 10 ಕಿಲೋವ್ಯಾಟ್ ಪ್ಯಾನಲ್ ಚಳಿಗಾಲದ ಒಳ್ಳೆಯ ದಿನ 40-45 ಯೂನಿಟ್ ಕೊಡುತ್ತದೆ. ಒಂದು ಬ್ಯಾಚ್ ಒಣಗಿಸಲು ಹದಿನಾರು ಹದಿನೇಳು ದಿನ! ಕರೆಂಟಿನಿಂದಲೇ ಕಾಯಿಸಿದರೆ ಯೂನಿಟ್‌ಗೆ 7 ರೂಪಾಯಿಯಂತೆ ಒಂದು ಬ್ಯಾಚಿಗೆ 4,900 ರೂಪಾಯಿ.

ಆದ್ದರಿಂದ ಶಾಖಕ್ಕೆ ಒಲೆಯೇ ಬೇಕು. ಒಲೆ ಮತ್ತು ಶಾಖ ದಾಟಿಸುವ ಕೊಳವೆಗಳು ಸೇರಿ ಶೇ 60ರಷ್ಟು ದಕ್ಷತೆ ಬಂದರೆ 700 ಯೂನಿಟ್ ಬಿಸಿಗಾಳಿಗೆ ಸುಮಾರು 1,170 ಯೂನಿಟ್‌ನಷ್ಟು ಉರುವಲು. ಚೆನ್ನಾಗಿ ಒಣಗಿದ ಕಟ್ಟಿಗೆ ಅಥವಾ ಅಡಿಕೆ ಸಿಪ್ಪೆ ಕೆಜಿಗೆ 4 ಯೂನಿಟ್‌ಗಿಂತ ಸ್ವಲ್ಪ ಮೇಲೆ ಕೊಡುತ್ತದೆ, ಅಂದರೆ ಬ್ಯಾಚಿಗೆ 280 ಕೆಜಿ. ಇದರಲ್ಲಿ ದೊಡ್ಡ ಪಾಲು ಸುಲಿದ ಸಿಪ್ಪೆಯಿಂದಲೇ ಬರುತ್ತದೆ. ಆದರೆ ಸಿಪ್ಪೆಯನ್ನು ಹಸಿಯಾಗಿ ತುಂಬಬಾರದು. ಹಿಂದಿನ ವರ್ಷದ ಸಿಪ್ಪೆಯನ್ನು ಸೂರಿನಡಿ ಉಳಿಸಿಕೊಂಡು ಅದನ್ನೇ ಉರಿಸಬೇಕು. ಹಸಿ ಸಿಪ್ಪೆ ಉರಿಸಿದರೆ ಕೊಳವೆಯೊಳಗೆ ಡಾಂಬರಿನಂಥ ಅಂಟು ಕೂತು ನಾಲ್ಕೇ ದಿನದಲ್ಲಿ ಶಾಖ ಅರ್ಧಕ್ಕಿಳಿಯುತ್ತದೆ.

ಹೊಗೆ ಅಡಿಕೆಗೆ ತಾಗಲೇಬಾರದು. ಹೊಗೆ ವಾಸನೆ ಹಿಡಿದ ರಾಶಿಯನ್ನು ಮಂಡಿಯಲ್ಲಿ ಮೂಸಿ ನೋಡಿಯೇ ಪಕ್ಕಕ್ಕಿಡುತ್ತಾರೆ. ಹಾಗಾಗಿ ಹೊಗೆ ಕೊಳವೆಯೊಳಗೆ, ಶುದ್ಧ ಗಾಳಿ ಕೊಳವೆಯ ಹೊರಗೆ. ಟ್ರೇಯಲ್ಲಿ ಅಡಿಕೆ ನಾಲ್ಕೈದು ಇಂಚಿಗಿಂತ ದಪ್ಪ ಹರಡಬಾರದು, ಆರು ಗಂಟೆಗೊಮ್ಮೆ ಕೈಯಾಡಿಸಬೇಕು. ಮೊದಲ ದಿನ ಒಳಬರುವ ಗಾಳಿ 50-55 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಮುಖ್ಯ. ಬೇಗ ಆಗಲಿ ಎಂದು 70ಕ್ಕೆ ಏರಿಸಿದರೆ ಮೇಲ್ಮೈ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಕೈಗೆ ಒಣಗಿದಂತೆ ಕಾಣುತ್ತದೆ, ಚೀಲ ಕಟ್ಟಿದ ತಿಂಗಳೊಳಗೆ ಒಡೆದು ನೋಡಿದರೆ ಒಳಗೆ ಬೂಷ್ಟು. ಎರಡನೇ ದಿನ 60-65ರವರೆಗೆ ಏರಿಸಬಹುದು. ಒಟ್ಟು 40-45 ಗಂಟೆ.

ಕರೆಂಟು ಹೋದಾಗ ಏನು ಮಾಡುವುದೆಂದು ನಾವು ಮೊದಲು ಯೋಚಿಸಿರಲಿಲ್ಲ. ಮಲೆನಾಡಿನಲ್ಲಿ ಒಂದು ಮರ ತಂತಿಗೆ ಒರಗಿದರೆ ಸಾಕು, ಲೈನ್ ಹೋಯಿತು. ಪ್ಯಾನಲ್‌ನ ಕರೆಂಟನ್ನು ಲೈನಿಗೆ ಹೊಂದಿಸಿ ಕೊಡುವ, ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ನ ಜೀವ ಉಳಿಸಲೆಂದೇ, ಗ್ರಿಡ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಬಿಸಿಲು ಎಷ್ಟಿದ್ದರೂ ಫ್ಯಾನಿಲ್ಲ. ಒಲೆಯಲ್ಲಿ ಬೆಂಕಿ ಮಾತ್ರ ಇದ್ದೇ ಇರುತ್ತದೆ. ಗಾಳಿ ನಿಂತ ಕೊಳವೆ ಕೆಂಪಾಗಿ, ಹತ್ತಿರದ ಟ್ರೇ ಕರಕಲಾಗುತ್ತದೆ. ಇದಕ್ಕೆ ಎರಡು ಉಪಾಯ ಮಾಡಿದೆವು. ಒಂದು, 48 ವೋಲ್ಟ್ 100 ಆಂಪಿಯರ್-ಗಂಟೆಯ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್. ಅದರ 4.8 ಯೂನಿಟ್‌ನಲ್ಲಿ ಮುಕ್ಕಾಲು ಕಿಲೋವ್ಯಾಟ್‌ನ ಒಂದು ಫ್ಯಾನು ಐದೂವರೆ ಗಂಟೆ ಓಡುತ್ತದೆ. ಇನ್ನೊಂದು ನಮ್ಮ ವೆಲ್ಡಿಂಗ್ ಮೇಸ್ತ್ರಿಯ ಬುದ್ಧಿ. ಕೊಳವೆಗಳ ಪೆಟ್ಟಿಗೆಯ ನೆತ್ತಿಯಲ್ಲಿ ತಗಡಿನ ಒಂದು ಬಾಗಿಲು, ಅದರ ಸನ್ನೆಗೋಲಿನ ತುದಿಯಲ್ಲಿ ಒಂದು ಹಲಗೆ. ಫ್ಯಾನಿನ ಗಾಳಿ ಹಲಗೆಯನ್ನು ಒತ್ತಿ ಹಿಡಿದಷ್ಟು ಹೊತ್ತು ಬಾಗಿಲು ಮುಚ್ಚಿರುತ್ತದೆ. ಗಾಳಿ ನಿಂತರೆ ತೂಕಕ್ಕೆ ತಾನೇ ತೆರೆದು ಬಿಸಿಯೆಲ್ಲ ಮೇಲಕ್ಕೆ ಹೋಗುತ್ತದೆ. ವಿದ್ಯುತ್ತಿನ ಹಂಗಿಲ್ಲ, ಸೆನ್ಸರ್ ಇಲ್ಲ. ತೂಕಕ್ಕೆ ಬಳಸಿದ್ದು ಹಳೆಯ ಬೇರಿಂಗಿನ ಎರಡು ಬಳೆ. ಒಂದು ಬಳೆಯಿದ್ದಾಗ ಅರ್ಧ ತೆರೆದು ನಿಲ್ಲುತ್ತಿತ್ತು, ಎರಡಾದ ಮೇಲೆ ಸರಿಹೋಯಿತು.

ಈ ಬಾಗಿಲನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಒಂದು ಪ್ರದೇಶದ ಹೊಸ ಆವಿಷ್ಕಾರ ಎಂದರೆ ಇಂಥದ್ದೇ. ಶಿವಮೊಗ್ಗದ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಭದ್ರಾವತಿಯ ಲೇತ್‌ಗಳು, ಸಾಗರದ ವೆಲ್ಡಿಂಗ್ ಅಂಗಡಿಗಳು, ಇಲ್ಲೆಲ್ಲ ಕಬ್ಬಿಣ ಬಲ್ಲ ಕೈಗಳಿವೆ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಸೀಮೆ ಇದು, ಅದೂ ಮೊದಲಿಗೆ ಇದೇ ಕಾಡಿನ ಇದ್ದಿಲಿನಿಂದ. ಆದರೆ ಮೇಸ್ತ್ರಿಯ ಕೈ ಪಳಗುವುದು ಎರಡನೇ, ಮೂರನೇ, ಹತ್ತನೇ ಶೆಡ್ಡಿನಲ್ಲಿ. ನಮ್ಮದರಲ್ಲಿ ಮೊದಲು ಹಾಕಿದ ತೆಳು ಕೊಳವೆ ಹೊಗೆಯ ಹುಳಿಗೆ ತೂತು ಬಿತ್ತು. ಬದಲಿಗೆ 3 ಮಿಲಿಮೀಟರ್ ದಪ್ಪದ್ದು ಹಾಕಿ, ಬ್ರಷ್ ತೂರಿಸಿ ಉಜ್ಜಲು ಎರಡೂ ತುದಿಗೆ ಮುಚ್ಚಳ ಇಟ್ಟೆವು. ಮುಂದಿನ ಶೆಡ್ಡಿನಲ್ಲಿ ಕೊಳವೆಗಳನ್ನು ಸ್ವಲ್ಪ ಓರೆಯಾಗಿ ಕೂರಿಸಿ ಅಂಟು ಇಳಿದುಹೋಗುವಂತೆ ಮಾಡಬೇಕು ಎಂಬ ಯೋಚನೆ ಮೇಸ್ತ್ರಿಯ ತಲೆಯಲ್ಲಿದೆ. ಮುಂದಿನ ಶೆಡ್ಡಿನ ಆರ್ಡರ್ ಬಂದರಲ್ಲವೇ ಅದು ಕಬ್ಬಿಣಕ್ಕೆ ಇಳಿಯುವುದು? ಕೇಳಿ ಹೋದವರೆಲ್ಲ "ಸೋಲಾರ್ ದರ ಏನಾಗ್ತದೋ ನೋಡುವ, ಸಬ್ಸಿಡಿ ಬರ್ತದಂತೆ, ಕಾಯುವ" ಎನ್ನುತ್ತಿದ್ದಾರೆ. ಕಾಯುವ ಪ್ರತಿ ಹಂಗಾಮಿನಲ್ಲೂ ಮೇಸ್ತ್ರಿ ಗೇಟು, ಗ್ರಿಲ್ ಮಾಡುತ್ತಿರುತ್ತಾರೆ.

ಇನ್ನು ಕರೆಂಟಿನ ಲೆಕ್ಕ. ಹಂಗಾಮಿನ ದಿನ ಫ್ಯಾನುಗಳಿಗೆ 36, ಸುಲಿಯುವ ಯಂತ್ರಕ್ಕೆ 9, ದೀಪ ಇತ್ಯಾದಿ 5, ಹೀಗೆ 50 ಯೂನಿಟ್. ಹಂಗಾಮು ಸುಮಾರು 100 ದಿನ. ಉಳಿದ 265 ದಿನ ಶೆಡ್ಡು ಬಹುಮಟ್ಟಿಗೆ ಖಾಲಿ. ಪ್ಯಾನಲ್ ಮಾತ್ರ ವರ್ಷವಿಡೀ ಉತ್ಪಾದಿಸುತ್ತದೆ. ಮಳೆಗಾಲದಲ್ಲಿ ಕಿಲೋವ್ಯಾಟಿಗೆ ದಿನಕ್ಕೆ 2 ಯೂನಿಟ್‌ಗೂ ಇಳಿಯುತ್ತದೆ, ಬೇಸಿಗೆಯಲ್ಲಿ ಐದರ ಹತ್ತಿರ. 10 ಕಿಲೋವ್ಯಾಟ್‌ಗೆ ವರ್ಷಕ್ಕೆ 13,000 ಎಂದು ಇಟ್ಟುಕೊಂಡೆವು. ಅದರಲ್ಲಿ ಹಂಗಾಮಿನ 4,200 ಯೂನಿಟ್ ನಮ್ಮ ಬಿಲ್ಲಿಗೆ ವಜಾ, ಉಳಿದ 8,800 ಗ್ರಿಡ್ಡಿಗೆ. ಬೆಂಗಳೂರಿನ ಆಫೀಸಿನ ಚಾವಣಿಗೂ ನಮ್ಮ ಚಾವಣಿಗೂ ಇರುವ ವ್ಯತ್ಯಾಸ ಇದೇ. ಅವರು ಉತ್ಪಾದಿಸಿದ್ದನ್ನು ಬಹುಪಾಲು ತಾವೇ ಬಳಸುತ್ತಾರೆ, ದರ ಬದಲಾದರೂ ಏಟು ಸಣ್ಣದು. ಕೃಷಿ ಹಂಗಾಮು ನಂಬಿದ ಊರಿನಲ್ಲಿ ಮೂರರಲ್ಲಿ ಎರಡು ಪಾಲು ಮಾರಬೇಕು. ಮಾರುವ ದರವನ್ನು ಬೇರೆಯವರು ಬರೆಯುತ್ತಾರೆ.

ಆ ದರದ ಇತಿಹಾಸ ನೋಡಿ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದ ಚಾವಣಿ ಸೋಲಾರ್‌ಗೆ 2013ರಲ್ಲಿ ಯೂನಿಟ್‌ಗೆ 9.56 ರೂಪಾಯಿ ನಿಗದಿ ಮಾಡಿತು. 2016ರಲ್ಲಿ 10 ಕಿಲೋವ್ಯಾಟ್‌ವರೆಗಿನವಕ್ಕೆ 7.08. 2018ರಲ್ಲಿ ಮನೆಯಲ್ಲದ ಘಟಕಗಳಿಗೆ 3.56. ಘಟಕಕ್ಕೆ 6 ಲಕ್ಷ ರೂಪಾಯಿ, ನಾವು ಉಳಿಸುವ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದು ಮೂರೂ ದರ ಹಾಕಿ ನೋಡಿದೆವು. 9.56ಕ್ಕೆ ವರ್ಷಕ್ಕೆ 1,13,528 ರೂಪಾಯಿ, ಐದು ವರ್ಷ ಚಿಲ್ಲರೆಯಲ್ಲಿ ಹಾಕಿದ ಹಣ ವಾಪಸ್. 7.08ಕ್ಕೆ 91,704, ಆರೂವರೆ ವರ್ಷ. 3.56ಕ್ಕೆ 60,728, ಹತ್ತು ವರ್ಷದ ಹತ್ತಿರ. ಬಡ್ಡಿ ಸೇರಿಸಿಲ್ಲ. ಆಯೋಗದ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. 2013ರಲ್ಲಿ ಪ್ಯಾನಲ್ ದುಬಾರಿಯಿತ್ತು, ಬೆಲೆ ಇಳಿದಂತೆ ದರ ಇಳಿಸುವುದು ನ್ಯಾಯವೇ. ದರ ಇಳಿಯುವುದು ಎರಡು ಮೂರು ವರ್ಷಕ್ಕೊಮ್ಮೆ ಒಂದು ಮೆಟ್ಟಿಲು ಹಾರಿದಂತೆ ಆದಾಗ, ಮೆಟ್ಟಿಲು ಎಲ್ಲಿದೆಯೆಂದು ಮೊದಲೇ ಕಾಣದಾಗ ತೊಂದರೆ. ಗಡುವಿನೊಳಗೆ ಚಾಲನೆಗೆ ಬಾರದವರಿಗೆ ಹಳೆಯ ದರ ತಪ್ಪುತ್ತದೆ ಎಂದ ಕೂಡಲೇ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಅವಸರದಲ್ಲಿ ಪ್ಯಾನಲ್ ಹೊರುವ ಕಳಪೆ ಸ್ಟ್ರಕ್ಚರ್ ಏಳುತ್ತದೆ, ಆಮೇಲೆ ಎರಡು ವರ್ಷ ಕೆಲಸವೇ ಇರುವುದಿಲ್ಲ. ಆ ಎರಡು ವರ್ಷ ತಾಲ್ಲೂಕು ಮಟ್ಟದ ಇನ್‌ಸ್ಟಾಲರ್ ಉಳಿಯುವುದು ಕಷ್ಟ.

10 ಕಿಲೋವ್ಯಾಟ್ ಮೇಲಿನವರಿಗೆ ನೆಟ್ ಮೀಟರಿಂಗ್ (ಗ್ರಿಡ್ಡಿಗೆ ಕೊಟ್ಟ ಯೂನಿಟ್ಟನ್ನು ನಮ್ಮ ಬಳಕೆಯಲ್ಲಿ ಕಳೆದು ಬಿಲ್ ಮಾಡುವ ವ್ಯವಸ್ಥೆ) ಇದೆಯೋ ಇಲ್ಲವೋ ಎಂಬುದೇ ಆರು ತಿಂಗಳು ತೂಗಾಡಿದ್ದೂ ಉಂಟು. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕು ನಿಯಮಗಳು 2020ರ ಡಿಸೆಂಬರ್ ಕೊನೆಗೆ ಬಂದಾಗ ನೆಟ್ ಮೀಟರಿಂಗ್ 10 ಕಿಲೋವ್ಯಾಟ್‌ವರೆಗೆ ಮಾತ್ರ ಎಂದಿತ್ತು. 2021ರ ಜೂನ್‌ನಲ್ಲಿ ತಿದ್ದಿ 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಯಾವುದು ಕಡಿಮೆಯೋ ಅಲ್ಲಿಯವರೆಗೆ ಎಂದಾಯಿತು. 2024ರ ಫೆಬ್ರುವರಿಯ ತಿದ್ದುಪಡಿ ಒಳ್ಳೆಯದು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಡ, ಅದಕ್ಕಿಂತ ಮೇಲಿನದಕ್ಕೆ 20 ದಿನದ ಬದಲು 15 ದಿನ. 10ರ ಗೆರೆಯೊಳಗೇ ಇರಲು ನಮಗೆ ಇದೂ ಒಂದು ಕಾರಣ. ಅರ್ಜಿಗೆ ಮುಂಚೆ ಮಂಜೂರಾದ ಲೋಡ್ ಎಷ್ಟಿದೆಯೆಂದು ಬಿಲ್ಲಿನಲ್ಲಿ ನೋಡಿಕೊಳ್ಳಿ. ಕಡಿಮೆಯಿದ್ದರೆ ಮೊದಲು ಅದನ್ನು ಏರಿಸಬೇಕು, ಅದಕ್ಕೆ ಬೇರೆ ಅರ್ಜಿ, ಬೇರೆ ಠೇವಣಿ. ಖಾತೆದಾರರ ಹೆಸರು ತೀರಿಕೊಂಡ ಹಿರಿಯರದ್ದೇ ಉಳಿದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಸರಿಮಾಡಿಸಿ.

ಕೊಟೇಶನ್ ಹಂತದಲ್ಲಿ ನಡೆದದ್ದನ್ನು ಹೇಳಲೇಬೇಕು. ಸೋಲಾರ್ ಘಟಕದ ಬಿಲ್ಲಿನಲ್ಲಿ ಶೇ 70 ಭಾಗವನ್ನು ಸಾಮಗ್ರಿ, ಶೇ 30 ಭಾಗವನ್ನು ಸೇವೆ ಎಂದು ಹಿಡಿದು ತೆರಿಗೆ ಹಾಕುತ್ತಾರೆ. ಸೇವೆಗೆ ಶೇ 18. ಸಾಮಗ್ರಿಗೆ ಮೊದಲು ಶೇ 5 ಇತ್ತು, 2021ರ ಅಕ್ಟೋಬರ್ 1ರಿಂದ 12, 2025ರ ಸೆಪ್ಟೆಂಬರ್ 22ರಿಂದ ಮತ್ತೆ 5. ಒಟ್ಟು ಭಾರ 8.9ರಿಂದ 13.8ಕ್ಕೆ ಏರಿ ಮತ್ತೆ 8.9ಕ್ಕೆ ಇಳಿಯಿತು. 6 ಲಕ್ಷದ ಮೇಲೆ ವ್ಯತ್ಯಾಸ 29,400 ರೂಪಾಯಿ. ಜಿಎಸ್‌ಟಿ ಇಳಿಯುತ್ತದೆ ಎಂಬ ಮಾತು 2025ರ ಆಗಸ್ಟ್ 15ರಂದು ಬಂತು, ಯಾವುದಕ್ಕೆ ಎಷ್ಟು ಎಂಬುದು ಗೊತ್ತಾಗಿದ್ದು ಸೆಪ್ಟೆಂಬರ್ 3ಕ್ಕೆ. ನಡುವಿನ ದಿನಗಳಲ್ಲಿ ಮಾರಾಟಗಾರರ ಬಾಯಲ್ಲಿ ಒಂದೇ ಪ್ರಶ್ನೆ: "ಬಿಲ್ ಈಗ ಮಾಡ್ಲೋ, ಆಮೇಲೋ?" ಸೆಪ್ಟೆಂಬರ್ ಎಂದರೆ ನಮಗೆ ಸ್ಟ್ರಕ್ಚರ್ ಏಳಬೇಕಾದ ತಿಂಗಳು. ಕಾದರೆ ಹಂಗಾಮಿನ ಆರಂಭ ಕೈತಪ್ಪುತ್ತದೆ, ಕಾಯದಿದ್ದರೆ 29,400 ಹೋಗುತ್ತದೆ. ತೆರಿಗೆ ಇಳಿದದ್ದು ಸಂತೋಷವೇ, ಆದರೂ ಆ ತಿಂಗಳು ಇಳಿಕೆಯ ಸುದ್ದಿಯೇ ಕೆಲಸ ನಿಲ್ಲಿಸಿತು. ಕಂಬ, ಪಾಯ, ಅರ್ಥಿಂಗ್ ಕೆಲಸವನ್ನು ಪ್ರತ್ಯೇಕ ಆರ್ಡರ್ ಮಾಡಿ ಮುಗಿಸಿಕೊಂಡು, ಪ್ಯಾನಲ್ ಬಿಲ್ಲನ್ನು ಮಾತ್ರ ಹಿಂದಿಡುವುದು ಇಂಥ ಹೊತ್ತಿಗೆ ಸರಿಯಾದ ದಾರಿ.

ಪ್ಯಾನಲ್ ಆಯ್ಕೆಯಲ್ಲೂ ತಾರೀಖಿನದ್ದೇ ಮಾತು. ಕೇಂದ್ರ ಸರ್ಕಾರ ಒಪ್ಪಿದ ಪ್ಯಾನಲ್ ತಯಾರಕರ ಪಟ್ಟಿ 2021ರಲ್ಲಿ ಬಂತು. 2023-24ರ ಇಡೀ ಹಣಕಾಸು ವರ್ಷ ಅದನ್ನು ತಡೆಹಿಡಿದರು, 2024ರ ಏಪ್ರಿಲ್ 1ರಿಂದ ಮತ್ತೆ ಜಾರಿ. ಆಮದು ಸುಂಕ 2022ರ ಏಪ್ರಿಲ್‌ನಲ್ಲಿ ಪ್ಯಾನಲ್‌ಗೆ ಶೇ 40, ಪ್ಯಾನಲ್ ಒಳಗಿನ ಬಿಲ್ಲೆಗಳಾದ ಸೆಲ್‌ಗೆ ಶೇ 25 ಆಯಿತು. ಇವಕ್ಕೆ ಹೋಲಿಸಿದರೆ ಸೆಲ್‌ಗಳ ಪಟ್ಟಿ 2026ರ ಜೂನ್ 1ರಿಂದ ಅನ್ವಯವೆಂದು 2024ರ ಡಿಸೆಂಬರ್‌ನಲ್ಲೇ ತಿಳಿಸಿದ್ದು ನಮಗೆ ಎಷ್ಟೋ ಮೇಲೆನಿಸಿತು. ನಿಯಮ ಕಠಿಣವೇ, ದೇಶೀ ಸೆಲ್‌ಗೆ ಬೆಲೆಯೂ ಹೆಚ್ಚು. ಆದರೆ ಹದಿನೇಳು ಹದಿನೆಂಟು ತಿಂಗಳ ಮುನ್ಸೂಚನೆ ಇದ್ದರೆ ಎರಡು ಹಂಗಾಮಿನ ಯೋಜನೆ ಕೂತು ಹಾಕಬಹುದು. ಕಠಿಣ ನಿಯಮದೊಂದಿಗೆ ಬದುಕಲು ಬರುತ್ತದೆ, ಯಾವಾಗ ಎಂದು ಗೊತ್ತಿಲ್ಲದ ನಿಯಮದೊಂದಿಗೆ ಬದುಕುವುದು ಹೇಗೆ?

ಸಾಲಕ್ಕೆ ಹೋದಾಗ ಇನ್ನೊಂದು ಪ್ರಶ್ನೆ ಎದುರಾಯಿತು: ನಿಮ್ಮ ಊರು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದೆಯೇ? ಪಶ್ಚಿಮಘಟ್ಟದ ಕರಡು ಅಧಿಸೂಚನೆ ಮೊದಲು ಬಂದದ್ದು 2014ರ ಮಾರ್ಚ್‌ನಲ್ಲಿ, ಆರನೆಯದು 2024ರ ಜುಲೈ 31ರಂದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ಕರಡಿನಲ್ಲಿ ನಿಷೇಧವಿರುವುದು ಗಣಿ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆಯಂಥವಕ್ಕೆ. ಅಡಿಕೆ ಒಣಗಿಸುವ ಶೆಡ್ಡು ಆ ಸಾಲಿನದ್ದಲ್ಲ. ಆದರೂ ಹತ್ತು ವರ್ಷ ಕರಡಾಗಿಯೇ ಉಳಿದ ಕಾಗದ ಅಂತಿಮವಾದಾಗ ಏನು ಸೇರುತ್ತದೋ ಎಂಬ ಅಳುಕು ಸಾಲ ಕೊಡುವವರಲ್ಲಿದೆ. ಈ ಬೆಟ್ಟಗಳು ಉಳಿಯಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ, ನಮ್ಮ ತೋಟದ ನೀರು ಬರುವುದು ಅಲ್ಲಿಂದಲೇ. ಅದಕ್ಕೇ ಅಂತಿಮ ಕಾಗದ ಬೇಗ ಬರಲಿ, ಏನು ಮಾಡಬಹುದು ಎಂಬ ಪಟ್ಟಿಯೂ ಅದರೊಳಗೇ ಇರಲಿ ಎನ್ನುತ್ತೇವೆ. ಅರ್ಜಿಯೊಂದಿಗೆ ಸರ್ವೆ ನಂಬರ್, ಒಲೆಯ ನಕ್ಷೆ, ಉರುವಲಿನ ಮೂಲ ಬರೆದ ಒಂದು ಪುಟ ಲಗತ್ತಿಸಿ. ಸ್ವಂತ ತೋಟದ ಸಿಪ್ಪೆ ಎಂದು ಸ್ಪಷ್ಟವಾಗಿ ಬರೆದರೆ ಮುಂದಿನ ಪ್ರಶ್ನೆಗಳು ಕಡಿಮೆ.

ಊರಿನ ಮನೆಗಳು ಯಾಕೆ ಜೊತೆಗೂಡುವುದಿಲ್ಲ ಎಂದು ಕೆಲವರು ಕೇಳುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, 2023ರಿಂದ ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಉಚಿತ. ಅದರ ಮರುವರ್ಷವೇ ಕೇಂದ್ರದ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಟ್ಟು ಚಾವಣಿಗೆ ಪ್ಯಾನಲ್ ಹಾಕಿ ಎಂದಿತು. ಎರಡೂ ಬಡವರಿಗೆ ಉಪಕಾರವೇ. ಬಿಲ್ಲೇ ಬಾರದ ಮನೆಗೆ ಪ್ಯಾನಲ್‌ನಿಂದ ಉಳಿಯುವುದೇನು?

ಕೊನೆಗೆ ಲೆಕ್ಕ ಹಾಕಿದ್ದ 10ರ ಬದಲು 5 ಕಿಲೋವ್ಯಾಟ್ ಹಾಕಿದೆವು. ಅರ್ಧ ಹಾಕಿದರೆ ವಾಪಸಾತಿಯ ವರ್ಷ ಬದಲಾಗುವುದಿಲ್ಲ, ದರದ ಬಾಯಿಗೆ ಸಿಕ್ಕಿಬೀಳುವ ಹಣ ಅರ್ಧವಾಗುತ್ತದೆ ಅಷ್ಟೆ. ವಾಪಸಾತಿ ನಿಜಕ್ಕೂ ಸುಧಾರಿಸಬೇಕಾದರೆ ಖಾಲಿ ದಿನಗಳಿಗೆ ಕೆಲಸ ಹುಡುಕಬೇಕು. ಕಾಳುಮೆಣಸು ಫೆಬ್ರುವರಿ-ಮಾರ್ಚ್, ಮುರುಗಲು (ಕೋಕಂ) ಮತ್ತು ಹಲಸು ಏಪ್ರಿಲ್-ಮೇ, ಹುಳಿಗೆ ಬಳಸುವ ಕಾಡುಹಣ್ಣು ಉಪ್ಪಾಗೆ ಮಳೆಗಾಲ. ಉಪ್ಪಾಗೆಯನ್ನು ಮಳೆಯಲ್ಲೇ ಬೆಂಕಿಯ ಮೇಲೆ ಒಣಗಿಸಬೇಕು, ಹಳೆಯ ವಿಧಾನದಲ್ಲಿ ಅದು ಕಟ್ಟಿಗೆ ನುಂಗುವ ಕೆಲಸ. ಇದೇ ಕೋಣೆಯಲ್ಲಿ ಮಾಡಬಹುದು, ಆದರೆ ಟ್ರೇ ಬೇರೆ ಇರಬೇಕು. ಚೊಗರಿನ ಕಲೆ ತಿನ್ನುವ ಪದಾರ್ಥಕ್ಕೆ ಹತ್ತುತ್ತದೆ, ಉಪ್ಪಾಗೆಯ ಹುಳಿ ಕಬ್ಬಿಣದ ಜಾಲರಿಯನ್ನು ತಿನ್ನುತ್ತದೆ. ಅದಕ್ಕೆ ಸ್ಟೀಲ್ ಅಥವಾ ಬಿದಿರಿನ ತಟ್ಟೆ.

ಜೋಡಣೆಯಲ್ಲಿ ಎಡವಿದ್ದು ಎರಡು ಕಡೆ. ಇನ್ವರ್ಟರ್‌ನಿಂದ ಮೀಟರ್‌ಗೆ 60 ಮೀಟರ್ ದೂರ, 4 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆದಿದ್ದೆವು. 5 ಕಿಲೋವ್ಯಾಟ್ ಹರಿಯುವಾಗ ಆ ದೂರದಲ್ಲಿ 12 ವೋಲ್ಟ್ ಏರುತ್ತದೆ. ಮಧ್ಯಾಹ್ನ ಲೈನಿನಲ್ಲಿ 243 ಇದ್ದರೆ ಇನ್ವರ್ಟರ್ ಬಳಿ 255. 253ರ ಮಿತಿ ದಾಟಿತೆಂದು ಅದು ನಿಲ್ಲುತ್ತದೆ, ಅದೂ ಒಳ್ಳೆಯ ಬಿಸಿಲಿನಲ್ಲೇ. 10 ಚದರದ ಕೇಬಲ್ ಹಾಕಿದ ಮೇಲೆ ಏರಿಕೆ 5 ವೋಲ್ಟ್‌ಗೆ ಇಳಿಯಿತು. ಎರಡನೆಯದು ಅರ್ಥಿಂಗ್. ಡಿಸಿ, ಎಸಿ, ಸಿಡಿಲು ರಕ್ಷಕ, ಮೂರಕ್ಕೂ ಬೇರೆ ಬೇರೆ ಗುಂಡಿ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಒಳ್ಳೆಯ ಅಳತೆ ತೋರಿಸಿ ಮಾರ್ಚ್‌ಗೆ ಕೈಕೊಡುತ್ತದೆ. ಸಿಡಿಲು ಬರುವುದು ಏಪ್ರಿಲ್-ಮೇ. ಹಾಗಾಗಿ ಅರ್ಥಿಂಗ್‌ನ ವಿದ್ಯುತ್ ತಡೆಯನ್ನು ಮಾರ್ಚ್‌ನಲ್ಲಿ ಅಳೆಯಿರಿ, 5 ಓಮ್‌ಗಿಂತ ಹೆಚ್ಚಿದ್ದರೆ ಬಚ್ಚಲ ನೀರನ್ನು ಗುಂಡಿಯ ಕಡೆ ತಿರುಗಿಸಿ. ಒಲೆಯ ಚಿಮಣಿ ಪ್ಯಾನಲ್‌ಗಳ ವಾಯವ್ಯಕ್ಕಿರಲಿ, ನೆರಳೂ ಬೀಳದು, ಮೂಡುಗಾಳಿಗೆ ಮಸಿಯೂ ಕೂರದು.

ಪಾಯವನ್ನು ಮಾತ್ರ 10 ಕಿಲೋವ್ಯಾಟ್‌ಗೇ ಹಾಕಿಸಿದ್ದೇವೆ, ಕಾಂಕ್ರೀಟ್ ಎರಡು ಸಲ ಕಲೆಸುವ ಖರ್ಚು ಬೇಡವೆಂದು. ಪಕ್ಕದ ಎಂಟು ಬೋಲ್ಟುಗಳು ಕಂಬವಿಲ್ಲದೆ ನಿಂತಿವೆ. ಮಳೆಗಾಲಕ್ಕೆ ಮುಂಚೆ ಅವುಗಳ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಅಡಿಕೆ ಹಾಳೆ ಕಟ್ಟಬೇಕು. ಹಾಗೆಯೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ನಟ್ಟು ಹತ್ತುವುದಿಲ್ಲ.